ದೀಪದ ಬುಡದ ಕತ್ತಲೆ

ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಆದರೆ ಆ ಕತ್ತಲೆಯನ್ನು ಸ್ವಂತ ಕೈಯಿಂದ, ಅದೂ ಬೆಳ್ಳಿಯ ಬಣ್ಣದಲ್ಲಿ, ಬಳಿದುಕೊಂಡವರು ವಿರಳ. ಆ ವಿರಳರಲ್ಲಿ ನಾನೊಬ್ಬನೆಂಬುದನ್ನು ಈ ವಾರ ವಾಚಕರ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಹಳೆಯ ಮೋಟಾರು ಗಾಡಿಯನ್ನು ಮನೆಯಲ್ಲಿಟ್ಟುಕೊಂಡವರಿಗೆ ಇದರಿಂದ ಕಿಂಚಿತ್ ಪ್ರಯೋಜನವಾದೀತು. ಇಲ್ಲದವರಿಗೆ ನಗುವುದಕ್ಕೊಂದು ಕಾರಣವಾದರೂ ದೊರೆತೀತು.

ತೀರ್ಥಹಳ್ಳಿಯ ನಮ್ಮ ಮನೆಯ ಹೆಂಚಿನ ಮಾಡಿನ ಕೆಳಗೆ 1960ರ ದಶಕದ ಅಂಬಾಸಿಡರ್ ಕಾರೊಂದು ನಿಂತಿದೆ. ನನ್ನ ತಂದೆಯವರು ಅದನ್ನು ಬಹುಕಾಲ ಓಡಿಸಿ, ಕೊನೆಗೆ ನನಗೆ ಬಿಟ್ಟುಹೋದರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಮೂರನೆಯ ಮಾದರಿಯನ್ನು ಆಧರಿಸಿ, ಹಿಂದುಸ್ಥಾನ್ ಮೋಟಾರ್ಸ್ ಸಂಸ್ಥೆಯವರು ಬಂಗಾಳದ ಉತ್ತರಪಾಡಾದಲ್ಲಿ ತಯಾರಿಸುತ್ತಿದ್ದ ಗಾಡಿ ಇದು. 1950ರ ದಶಕದ ಕೊನೆಗೆ ರಸ್ತೆಗಿಳಿದ ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಹಾಗಾಗಿ ಹಳೆಯ ಮಾದರಿಯ ಬಿಡಿಭಾಗವೊಂದು ಹಾಳಾದರೆ ಅದನ್ನು ಅಂಗಡಿಯಿಂದ ತರುವುದು ಸುಲಭವಲ್ಲ, ಇದ್ದುದನ್ನೇ ಉಳಿಸಿಕೊಳ್ಳತಕ್ಕದ್ದು.

ಮಲೆನಾಡಿನ ಮಳೆ ಕಬ್ಬಿಣಕ್ಕೆ ಮಿತ್ರನಲ್ಲ. ಮುಂದೀಪದ ಬಳೆಗಳು ಮಂಕಾಗಿದ್ದವು. ಗಾಲಿಗಳೆರಚುವ ಕೆಸರನ್ನೆಲ್ಲ ಬೆನ್ನಿಗೆ ಹೊತ್ತುಕೊಂಡಿದ್ದ ದೀಪದ ಬಟ್ಟಲುಗಳಿಗೆ ತುಕ್ಕು ಹಿಡಿದಿತ್ತು. ಹಿಂದೀಪಗಳ ಗೂಡುಗಳ ಮೇಲೆ ಸಿಡುಬಿನ ಕಲೆಗಳಂತಹ ಗುಳಿಗಳೆದ್ದಿದ್ದವು. ಒಂದು ಭಾನುವಾರ ನಾನು ಬೆಳ್ಳಿಬಣ್ಣದ ಡಬ್ಬಿಯೊಂದನ್ನು ತಂದು, ದೀಪಗಳನ್ನು ಬಿಚ್ಚಿ, ಒಳಗೂ ಹೊರಗೂ, ಮುಂದೂ ಹಿಂದೂ, ತಿರುಪಿನ ರಂಧ್ರಗಳನ್ನು ಸಹ ಬಿಡದೆ ಬಳಿದು ಮುಗಿಸಿದೆ. ಸಂಜೆಯ ಬಿಸಿಲಿನಲ್ಲಿ ಗಾಡಿ ಮದುಮಗನಂತೆ ಕಂಗೊಳಿಸಿತು. ಬೀದಿಯವರು ಹೊಗಳಿದರು. ಮುಂದೀಪ ಹೊತ್ತಿಸಿ ನೋಡಿದೆ, ಸರಿಯಾಗಿಯೇ ಉರಿಯಿತು. ಹಿಂದೆ ಹೋಗಿ ನೋಡುವಷ್ಟು ವಿವೇಕ ನನಗಿರಲಿಲ್ಲ.

ಆ ವಾರವೇ ತಾಯಿಯವರನ್ನು ಕೂರಿಸಿಕೊಂಡು ಶಿವಮೊಗ್ಗೆಗೆ ಹೊರಟೆ. ಮಂಡಗದ್ದೆ ದಾಟುವಷ್ಟರಲ್ಲಿ ಕತ್ತಲಾಯಿತು. ಗಾಜನೂರಿನ ಸಮೀಪ ದನವೊಂದು ಅಡ್ಡಬಂದಿತೆಂದು ಬ್ರೇಕು ಒತ್ತಿದೆ. ಹಿಂದಿನಿಂದ ಬರುತ್ತಿದ್ದ ಲಾರಿ ಕಿರ್ರೆಂದು ಚೀರುತ್ತ, ನಮ್ಮಿಂದ ಎರಡು ಮಾರು ದೂರದಲ್ಲಿ ನಿಂತಿತು. ಚಾಲಕನು ಇಳಿದು ಬಂದವನು ಬಯ್ಯಲಿಲ್ಲ. “ಸ್ವಾಮೀ, ನಿಮ್ಮ ಗಾಡಿಗೆ ಹಿಂದೆ ಒಂದು ಮಿಣುಕು ಬೆಳಕೂ ಇಲ್ಲ. ಹಿಂದಿನ ಸೀಟಿನಲ್ಲಿ ವಯಸ್ಸಾದ ಅಮ್ಮ ಕೂತಿದ್ದಾರೆ,” ಎಂದಷ್ಟೇ ಹೇಳಿದನು. ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಆತನೇ ತನ್ನ ದೀಪಗಳ ಬೆಳಕಿನಲ್ಲಿ ನಮ್ಮನ್ನು ಮುಂದೆ ಬಿಟ್ಟುಕೊಂಡು, ಶಿವಮೊಗ್ಗೆಯವರೆಗೆ ಕಾವಲುಗಾರನಂತೆ ಹಿಂಬಾಲಿಸಿ ಬಂದನು.

ಮರುದಿನ ವೃದ್ಧ ಮೇಸ್ತ್ರಿಯೊಬ್ಬರು ಹಿಂದೀಪವನ್ನು ಬಿಚ್ಚಿ ನೋಡಿ ನಕ್ಕರು. ಬಲ್ಬು ಕೆಟ್ಟಿರಲಿಲ್ಲ, ತಂತಿ ಹರಿದಿರಲಿಲ್ಲ. ಚಾಕುವಿನ ಮೊನೆಯಿಂದ ತಿರುಪು ಕೂರುವ ಜಾಗದ ಬಣ್ಣವನ್ನು ಕಾಸಿನಗಲ ಕೆರೆದು ಮತ್ತೆ ಬಿಗಿದರು. ದೀಪ ಝಗ್ಗನೆ ಹೊತ್ತಿತು! ಅದರ ಮರ್ಮವಿಷ್ಟೆ: ವಿದ್ಯುತ್ತು ದೀಪಕ್ಕೆ ಹೋಗಲು ಒಂದು ದಾರಿಯಿದ್ದರೆ ಹಿಂದಿರುಗಲು ಇನ್ನೊಂದು ದಾರಿ ಬೇಕು. ಹಳೆಯ ಗಾಡಿಗಳಲ್ಲಿ ಅನೇಕ ವೇಳೆ ಈ ಎರಡನೆಯ ದಾರಿಗೆ ಬೇರೆ ತಂತಿಯಿರುವುದಿಲ್ಲ. ದೀಪದ ಗೂಡಿನಿಂದ ತಿರುಪಿಗೆ, ತಿರುಪಿನಿಂದ ಗಾಡಿಯ ಮೈಗೆ, ಮೈಯಿಂದ ಬ್ಯಾಟರಿಗೆ ಅದು ಹರಿಯುತ್ತದೆ. ಇದನ್ನೇ ಮೇಸ್ತ್ರಿಗಳು ಅರ್ತ್ ಎನ್ನುವುದು. ಬಣ್ಣವು ವಿದ್ಯುತ್ತನ್ನು ಹರಿಯಗೊಡದು. ನಾನು ಅಂದಕ್ಕೆಂದು ಬಳಿದ ಬಣ್ಣ ದೀಪದ ದಾರಿಗೆ ಗೋಡೆ ಕಟ್ಟಿತ್ತು.

ಇದು ಮೊದಲನೆಯ ಪಾಠ. ಎರಡನೆಯ ಪಾಠವನ್ನು ಮಳೆಗಾಲ ಕಲಿಸಿತು. ಆಷಾಢ ಮುಗಿಯುವಷ್ಟರಲ್ಲಿ ಬೆಳ್ಳಿಬಣ್ಣದ ಕೆಳಗೆ ಗುಳ್ಳೆಗಳೆದ್ದು, ಹಪ್ಪಳದಂತೆ ಸುಲಿದು ಬಂದವು. ತುಕ್ಕಿನ ಮೇಲೆ ಬಳಿದ ಬಣ್ಣ ತುಕ್ಕನ್ನು ಕೊಲ್ಲುವುದಿಲ್ಲ; ಮರೆಮಾಡುತ್ತದೆ. ನೀರು, ಗಾಳಿ ಒಳಸೇರಿದರೆ ತುಕ್ಕು ಬೆಳೆಯುತ್ತಲೇ ಇರುತ್ತದೆ. ಅದು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುವುದರಿಂದ ಮೇಲಿನ ಪದರವನ್ನು ಎತ್ತಿ ಒಡೆಯುತ್ತದೆ. ಮೇಲೆ ಥಳಕು, ಒಳಗೆ ಹುಳುಕು ಎಂದು ಹಿರಿಯರು ಹೇಳಿದ್ದು ಮನುಷ್ಯರನ್ನು ಕುರಿತಾದರೂ, ಮೋಟಾರು ಗಾಡಿಗೂ ಸಲ್ಲುತ್ತದೆ.

ಆದುದರಿಂದ ಕುಂಚ ಹಿಡಿಯುವ ಮುನ್ನ ಲೋಹದ ಜಾತಿಯನ್ನು ಅರಿಯಬೇಕು. ಚಿಕ್ಕದೊಂದು ಅಯಸ್ಕಾಂತ ಹಿಡಿದು ನೋಡಿರಿ. ಬಲವಾಗಿ ಅಂಟಿದರೆ ಸಾಮಾನ್ಯವಾಗಿ ಉಕ್ಕು. ಅಂಟದಿದ್ದರೆ ಅದು ಹಿತ್ತಾಳೆ, ಅಲ್ಯೂಮಿನಿಯಮ್ ಅಥವಾ ಸತುವಿನ ಎರಕವಾಗಿರಬಹುದು. ಕೆಲವು ಬಗೆಯ ಸ್ಟೇನ್‌ಲೆಸ್ ಉಕ್ಕೂ ಅಂಟುವುದಿಲ್ಲ. ಹಳೆಯ ಗಾಡಿಗಳ ಬಾಗಿಲ ಹಿಡಿ, ಲಾಂಛನ, ದೀಪದ ಗೂಡು ಮುಂತಾದುವು ಬಹುಮಟ್ಟಿಗೆ ಸತುವಿನ ಎರಕ. ಉಕ್ಕಿನ ತುಕ್ಕನ್ನು ಹೊಳೆಯುವ ಲೋಹ ಕಾಣುವವರೆಗೆ ತೆಗೆದು, ತಡಮಾಡದೆ ಅಡಿಬಣ್ಣ ಹಚ್ಚತಕ್ಕದ್ದು. ಸತುವಿಗೂ ಅಲ್ಯೂಮಿನಿಯಮಿಗೂ ಸಾಮಾನ್ಯ ಅಡಿಬಣ್ಣ ಸರಿಯಾಗಿ ಹಿಡಿಯದು. ಲೋಹವನ್ನು ಕಚ್ಚಿ ಹಿಡಿಯುವ ಎಚ್ ಪ್ರೈಮರ್ ಎಂಬುದನ್ನೇ ಬಳಸಬೇಕು. ಸ್ಟೇನ್‌ಲೆಸ್ ಪಟ್ಟಿಗಳಿಗೆ ಬಣ್ಣವೇ ಬೇಡ, ಉಜ್ಜಿದರೆ ಸಾಕು.

ಕ್ರೋಮಿಯಮ್ ಲೇಪದ ವಿಷಯ ಬೇರೆ. ಒಳ್ಳೆಯ ಲೇಪದಲ್ಲಿ ಕೆಳಗೆ ತಾಮ್ರ, ಅದರ ಮೇಲೆ ನಿಕ್ಕಲ್, ಕಟ್ಟಕಡೆಗೆ ಕ್ರೋಮಿಯಮ್ ಇರುತ್ತವೆ. ಕಣ್ಣು ಕೋರೈಸುವ ಆ ಕ್ರೋಮಿಯಮಿನ ದಪ್ಪ ಸಾಮಾನ್ಯವಾಗಿ ಒಂದು ಮೈಕ್ರಾನಿಗಿಂತಲೂ, ಎಂದರೆ ಮಿಲಿಮೀಟರಿನ 1000ದಲ್ಲಿ 1 ಪಾಲಿಗಿಂತಲೂ, ಕಡಮೆ. ಆ ನುಣುಪಿನ ಮೇಲೆ ಬಣ್ಣ ನಿಲ್ಲದು. ಲೇಪ ಗಟ್ಟಿಯಾಗಿದ್ದರೆ ತೊಳೆದು ಮೇಣ ಹಚ್ಚಿ ಬಿಡಿರಿ. ಕಿತ್ತುಹೋಗಿದ್ದರೆ ಅನುಭವಸ್ಥರ ಬಳಿ ಮರುಲೇಪ ಮಾಡಿಸಿರಿ. ಆ ತೊಟ್ಟಿಗಳ ರಾಸಾಯನಿಕಗಳು ವಿಷಯುಕ್ತವಾದುವು; ಮನೆಯಲ್ಲಿ ಪ್ರಯತ್ನಿಸಕೂಡದು. ಬೆಳ್ಳಿಬಣ್ಣವನ್ನು ಕ್ರೋಮಿಯಮ್ ಎಂದು ನಂಬಿಸಹೊರಟರೆ ಮೋಸಹೋಗುವವರು ನಾವೇ.

ಬಳಿಯುವ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಬಿಚ್ಚಿದ ತಿರುಪುಗಳನ್ನು ಚೀಟಿ ಬರೆದು ಬೇರೆಬೇರೆ ಪೊಟ್ಟಣ ಕಟ್ಟಿರಿ. ಮೊದಲು ಜಿಡ್ಡು ತೆಗೆದು ಅನಂತರ ಉಜ್ಜಿರಿ. ಇಲ್ಲವಾದರೆ ಜಿಡ್ಡನ್ನೇ ಲೋಹದೊಳಕ್ಕೆ ತಿಕ್ಕಿದಂತಾಗುತ್ತದೆ. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಒಣಗಿದ್ದಾಗ ಉಜ್ಜದೆ, ನೀರಿನಲ್ಲಿ ಅದ್ದಿದ ಉಜ್ಜುಕಾಗದ ಬಳಸುವುದು ಲೇಸು: ಮೊದಲು 180, ಆಮೇಲೆ 320, ಕೊನೆಗೆ 600 ಸಂಖ್ಯೆಯದು. ಉಜ್ಜಿದ ಮೇಲೆ ತೇವ ಪೂರ್ತಿಯಾಗಿ ಆರಲಿ. ದಪ್ಪವಾದ ಒಂದು ಲೇಪಕ್ಕಿಂತ ತೆಳುವಾದ ಮೂರು ಲೇಪ ಉತ್ತಮ. ಈಗಿನ ಎರಡು ದ್ರವ ಬೆರೆಸುವ ಬಣ್ಣಗಳನ್ನು ಸಿಂಪಡಿಸುವುದು ಶ್ವಾಸಕೋಶಕ್ಕೆ ಅಪಾಯಕರ. ಅದಕ್ಕೆ ತಕ್ಕ ಮುಖಕವಚವಿಲ್ಲದೆ ಮುಟ್ಟಕೂಡದು.

ನಮ್ಮ ಮೇಸ್ತ್ರಿಗಳು ಡ್ಯೂಕೊ ಎಂದು ಕರೆಯುವ ಬಣ್ಣದ ಹೆಸರು ಅಮೆರಿಕದಿಂದ ಬಂದುದು. ಡ್ಯುಪಾಂಟ್ ಸಂಸ್ಥೆ 1923ರಲ್ಲಿ ಹೊರತಂದ ಈ ಬೇಗ ಒಣಗುವ ಲ್ಯಾಕರು, ಗಾಡಿಗೆ ಬಣ್ಣ ಕೊಡಲು ವಾರಗಟ್ಟಲೆ ಕಾಯುತ್ತಿದ್ದ ಕಾಲವನ್ನು ಕೊನೆಗೊಳಿಸಿತು. ಆದರೆ ಅದರ ಅವಸರವೇ ಅದರ ದೋಷ. ತೇವದ ಗಾಳಿಯಲ್ಲಿ ಬಳಿದರೆ, ದ್ರಾವಕ ಬೇಗ ಆರಿ ಮೈ ತಣ್ಣಗಾಗಿ, ಗಾಳಿಯ ನೀರು ಅದರ ಮೇಲೆ ಇಳಿದು ಬೂದಿ ಎರಚಿದಂತೆ ಬಿಳಿಚಿಕೊಳ್ಳುತ್ತದೆ. ಮಲೆನಾಡಿನವರಿಗೆ ಮಾಘ ಫಾಲ್ಗುಣಗಳೇ ಇದಕ್ಕೆ ಪ್ರಶಸ್ತ ಕಾಲ.

ಕಡೆಯ ಮಾತು, ಬಳಿಯಬಾರದ ಸ್ಥಳಗಳನ್ನು ಕುರಿತು. ಮುಂದೀಪದ ಒಳಗನ್ನಡಿಗೆ ಎಂದೂ ಬೆಳ್ಳಿಬಣ್ಣ ಹಚ್ಚಬೇಡಿರಿ. ಕನ್ನಡಿಯು ಬೆಳಕನ್ನು ರಸ್ತೆಯತ್ತ ಒಗ್ಗೂಡಿಸಿ ಕಳಿಸಿದರೆ ಬಣ್ಣ ಅದನ್ನು ದಿಕ್ಕುಗೆಡಿಸುತ್ತದೆ. ಗಾಜಿಗೂ ಕೆಂಪು ಮುಚ್ಚಳಕ್ಕೂ ಬಣ್ಣ ತಾಗಕೂಡದು. ನೀರು ಬಸಿಯಲು ಬಿಟ್ಟ ರಂಧ್ರ ಮುಚ್ಚಿಹೋಗಕೂಡದು. ಬಲ್ಬು ಕೂರುವ ಜಾಗವೂ ಅರ್ತ್ ಹರಿಯುವ ತಿರುಪಿನ ಜಾಗವೂ ಬರಿಯ ಲೋಹವಾಗಿಯೇ ಇರಲಿ. ಬಿಗಿದ ಮೇಲೆ ತುಕ್ಕು ಹಿಡಿಯದಂತೆ ಮೇಲೆ ಕೊಂಚ ವ್ಯಾಸಲೀನ್ ಸವರಿದರಾಯಿತು.

ಮುಂದಿನ ಫಾಲ್ಗುಣದಲ್ಲಿ ನಾನು ಎಲ್ಲವನ್ನೂ ಕಿತ್ತು ಮೊದಲಿನಿಂದ ಮಾಡಿದೆ. ಭಾನುವಾರ ಒಂದು ಸಾಲಲಿಲ್ಲ, ಐದು ಬೇಕಾದುವು. ಕತ್ತಲಾದ ಮೇಲೆ ತಾಯಿಯವರನ್ನು ಕರೆದು, ತಂದೆಯವರು ಕೂರುತ್ತಿದ್ದ ಜಾಗದಲ್ಲಿ ಕೂರಿಸಿ, ಬ್ರೇಕನ್ನು ಒತ್ತಿರೆಂದು ಹೇಳಿ ಹಿಂದೆ ನಿಂತೆ. ಜನ್ಮದಲ್ಲಿ ಗಾಡಿ ನಡೆಸದ ಅವರು ಅಂಜುತ್ತಲೇ ಕಾಲಿಟ್ಟರು. ಕೊಟ್ಟಿಗೆಯ ಗೋಡೆಯ ಮೇಲೆ ಎರಡು ಕೆಂಪು ಬೆಳಕುಗಳು ಮೂಡಿದುವು. “ಬಂತೇನೋ?” ಎಂದು ಕೇಳಿದರು. ಬಂತಮ್ಮ ಎಂದೆ. ಆದರೂ ಅವರು ಕೂಡಲೇ ಕಾಲು ತೆಗೆಯಲಿಲ್ಲ.

ಬಣ್ಣ ಹೇಗೆ ಕಾಣುತ್ತದೆಂದು ಆ ದಿನ ನಾವಿಬ್ಬರೂ ನೋಡಲಿಲ್ಲ. ವಾಚಕರೂ ಹಾಗೆಯೇ ಮಾಡಲಿ: ಬಳಿದು ಮುಗಿದ ಮೇಲೆ ಮೊದಲು ಹಿಂದೆ ಹೋಗಿ ನಿಲ್ಲಿರಿ, ಅಂದವನ್ನು ಬೆಳಗಾದ ಮೇಲೆ ನೋಡಿಕೊಳ್ಳಬಹುದು.