ಥಲಾಮಸಿಗೂ ಕುಚ್ಚಲಕ್ಕಿಗೂ ಏನು ಸಂಬಂಧ?

ಪರೀಕ್ಷೆ ಹತ್ತಿರವಾಯಿತೆಂದರೆ ಮೂಡುಬಿದಿರೆಯ ಹಾಸ್ಟೆಲುಗಳಿಗೆ ಮನೆಯಿಂದ ಬರುವ ಚೀಲಗಳಲ್ಲಿ ಚಕ್ಕುಲಿಯ ಜೊತೆಗೆ ನೆನಪಿನ ಶಕ್ತಿಯ ಟಾನಿಕ್ಕೂ ಇರುತ್ತದೆ. ಮನೆಯಲ್ಲೇ ಇದ್ದು ಓದುವ ಮಕ್ಕಳಿಗಾದರೆ ತಿಮರೆ ಚಟ್ನಿ. (ತಿಮರೆ ಎಂದರೆ ಒಂದೆಲಗ. ಚಟ್ನಿ ರುಚಿಯಾಗಿಯೇ ಇರುತ್ತದೆ. ಅಂಕದ ಮಾತು ಬೇರೆ.) ಆದರೆ ಓದಿದ್ದು ಮಿದುಳಿನಲ್ಲಿ ಯಾವ ದಾರಿಯಾಗಿ ಹೋಗಿ ನೆನಪಾಗುತ್ತದೆ, ಆ ದಾರಿ ಕೆಡುವುದು ಯಾವಾಗ ಎಂದು ಕೇಳುವವರು ಕಡಿಮೆ.

ಮಿದುಳಿನ ನಟ್ಟನಡುವೆ, ಎಡಕ್ಕೊಂದು ಬಲಕ್ಕೊಂದು, ಮೊಟ್ಟೆಯಾಕಾರದ ಎರಡು ಗಂಟುಗಳಿವೆ. ಒಂದೊಂದೂ ಸುಮಾರು 3 ಸೆಂಟಿಮೀಟರ್ ಉದ್ದ. ಇದೇ ಥಲಾಮಸ್. ಗ್ರೀಕ್ ಭಾಷೆಯಲ್ಲಿ ಒಳಕೋಣೆ ಎಂದು ಅರ್ಥ. ಬಂಟ್ವಾಳದ ಬಿ.ಸಿ. ರೋಡನ್ನು ನೆನೆಸಿಕೊಳ್ಳಿ. ಮಂಗಳೂರಿನಿಂದ ಬಂದ ಬಸ್ಸುಗಳಲ್ಲಿ ಕೆಲವು ಉಪ್ಪಿನಂಗಡಿಯ ದಾರಿ ಹಿಡಿಯುತ್ತವೆ, ಕೆಲವು ಬೆಳ್ತಂಗಡಿ, ಚಾರ್ಮಾಡಿಯ ಕಡೆಗೆ ತಿರುಗುತ್ತವೆ. ಹಾಗೆಯೇ ಕಣ್ಣು, ಕಿವಿ, ನಾಲಿಗೆ, ಚರ್ಮಗಳಿಂದ ಬಂದ ಸುದ್ದಿ ಥಲಾಮಸಿಗೆ ಬಂದು, ಅಲ್ಲಿಂದ ಮಿದುಳಿನ ಹೊರಪದರದ ತಕ್ಕ ಭಾಗಕ್ಕೆ ಹೋಗುತ್ತದೆ. ವಾಸನೆಗೆ ಮಾತ್ರ ಬೇರೆ ದಾರಿಯುಂಟು.

ಹಳೆಯ ಪಠ್ಯಪುಸ್ತಕಗಳು ಇಷ್ಟಕ್ಕೇ ಮುಗಿಸುತ್ತಿದ್ದವು. ಅದು ಸಾಲದು. ಥಲಾಮಸಿನ ಒಂದು ಭಾಗ ಹಣೆಯ ಹಿಂದಿನ ಮಿದುಳಿನೊಡನೆ ಸದಾ ಮಾತುಕತೆಯಲ್ಲಿರುತ್ತದೆ. ಲೆಕ್ಕ ಮಾಡುವಾಗ ‘ದಶಕ’ವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುತ್ತೇವಲ್ಲ, ಅಂಥ ಕೆಲಸಕ್ಕೆ ಅದರ ಆಸರೆ ಬೇಕೆಂಬುದನ್ನು ಇಲಿಗಳ ಮೇಲಿನ ಪ್ರಯೋಗಗಳು 2017ರಲ್ಲಿ ತೋರಿಸಿದವು. ಮುಂಭಾಗದ ಇನ್ನೊಂದು ಅಂಶ ಹಿಪೊಕ್ಯಾಂಪಸ್ ಎಂಬ ನೆನಪಿನ ಕೇಂದ್ರದೊಡನೆ ಬೆಸೆದುಕೊಂಡಿದೆ. ಈ ಕೊಂಡಿ ಕಡಿದರೆ ಹಿಪೊಕ್ಯಾಂಪಸ್ ಸರಿಯಾಗಿದ್ದರೂ ಹೊಸ ಸಂಗತಿ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ಈಗ ಅಕ್ಕಿಯ ವಿಷಯಕ್ಕೆ ಬರೋಣ. ಸಕ್ಕರೆಯನ್ನು ಉರಿಸಿ ಶಕ್ತಿ ಪಡೆಯಲು ಮಿದುಳಿಗೆ ಬಿ1 ಜೀವಸತ್ವ, ಅಂದರೆ ಥಯಾಮಿನ್ ಬೇಕು. ದಿನಕ್ಕೆ ಒಂದೆರಡು ಮಿಲಿಗ್ರಾಂ ಸಾಕು. ಆದರೆ ದೇಹದ ದಾಸ್ತಾನು ಎರಡು ಮೂರು ವಾರಗಳಲ್ಲಿ ಖಾಲಿಯಾಗುತ್ತದೆ. ಖಾಲಿಯಾದಾಗ ಮೊದಲು ಪೆಟ್ಟು ತಿನ್ನುವ ಜಾಗಗಳಲ್ಲಿ ಥಲಾಮಸ್ ಒಂದು. ಭತ್ತದಲ್ಲಿ ಈ ಸತ್ವ ಹೆಚ್ಚಾಗಿರುವುದು ತೌಡಿನಲ್ಲಿ ಮತ್ತು ಮೊಳಕೆಯ ಭಾಗದಲ್ಲಿ. ಬೆಳ್ತಿಗೆ ಅಕ್ಕಿಯನ್ನು ಪಾಲಿಶ್ ಮಾಡಿದಾಗ ಅದು ತೌಡಿನೊಂದಿಗೇ ಹೋಗುತ್ತದೆ. ನಮ್ಮ ಹಿರಿಯರು ಭತ್ತವನ್ನು ನೆನೆಸಿ, ಬೇಯಿಸಿ, ಅಂಗಳದಲ್ಲಿ ಒಣಗಿಸಿ ಅಕ್ಕಿ ಮಾಡುತ್ತಿದ್ದರು. ಬೇಯುವಾಗ ನೀರಿನೊಂದಿಗೆ ಥಯಾಮಿನ್ ಕಾಳಿನ ಒಳಕ್ಕೆ ಇಳಿಯುವುದರಿಂದ ಕುಚ್ಚಲಕ್ಕಿಯಲ್ಲಿ ಅದು ಹೆಚ್ಚು ಉಳಿಯುತ್ತದೆ. ಅಂಗಳದಲ್ಲಿ ಭತ್ತ ಹರವುತ್ತಿದ್ದ ಅಜ್ಜಿಯರಿಗೆ ಜೀವಸತ್ವದ ಹೆಸರೇ ಗೊತ್ತಿರಲಿಲ್ಲ. ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಸೋಲುವುದನ್ನು ಜಾವಾದಲ್ಲಿ ಗಮನಿಸಿದ ಡಚ್ ವೈದ್ಯ ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಂತು. ಥಯಾಮಿನ್ ನೀರಿನಲ್ಲಿ ಕರಗುವುದರಿಂದ ಗಂಜಿಯ ತಿಳಿಯನ್ನು ಚೆಲ್ಲದೆ ಕುಡಿಯುವುದೂ ಲೆಕ್ಕದ ಮಾತೇ.

ಹಾಗೆಂದು ಎರಡು ಬಟ್ಟಲು ಗಂಜಿ ಹೆಚ್ಚು ಕುಡಿದ ಹುಡುಗನಿಗೆ ಗಣಿತದಲ್ಲಿ ಅಂಕ ಹೆಚ್ಚುವುದಿಲ್ಲ. ಸರಿಯಾಗಿ ಉಣ್ಣುವ ಮಗುವಿಗೆ ಬಿ1 ಮಾತ್ರೆಯಿಂದಲೂ ಅಂಥ ಲಾಭವಿಲ್ಲ.

ನಿಜವಾದ ಅಪಾಯ ಬೇರೆ ಕಡೆ ಇದೆ. ವರ್ಷಗಟ್ಟಲೆ ಕುಡಿಯುವವರು ಊಟ ಬಿಡುತ್ತಾರೆ. ಉಂಡದ್ದರಲ್ಲಿರುವ ಥಯಾಮಿನನ್ನು ಕರುಳು ಹೀರದಂತೆ ಮದ್ಯವೇ ತಡೆಯುತ್ತದೆ. 1881ರಲ್ಲಿ ಜರ್ಮನಿಯ ವೆರ್ನಿಕೆ ಇದರ ಮೊದಲ ಹಂತವನ್ನು ವಿವರಿಸಿದ: ಗೊಂದಲ, ಕಣ್ಣಿನ ಚಲನೆಯಲ್ಲಿ ದೋಷ, ತೂರಾಡುವ ನಡಿಗೆ. 1887ರಲ್ಲಿ ರಷ್ಯಾದ ಕೊರ್ಸಕೋಫ್ ಮುಂದಿನ ಹಂತವನ್ನು ಬರೆದ. ಇಪ್ಪತ್ತು ವರ್ಷ ಹಿಂದಿನ ಮದುವೆ ನೆನಪಿರುತ್ತದೆ, ಬೆಳಿಗ್ಗೆ ಬಂದುಹೋದವರು ನೆನಪಿರುವುದಿಲ್ಲ. ಆ ಖಾಲಿ ಜಾಗವನ್ನು ರೋಗಿ ಕಲ್ಪಿತ ಕಥೆಯಿಂದ ತುಂಬುತ್ತಾನೆ, ಅದನ್ನು ತಾನೂ ನಂಬುತ್ತಾನೆ. ಅಪ್ಪ ಸುಳ್ಳು ಹೇಳುತ್ತಾರೆ ಎಂದು ಮಕ್ಕಳು ಸಿಟ್ಟಾಗುವುದು ಇಲ್ಲಿಯೇ. ಅದು ಸುಳ್ಳಲ್ಲ, ರೋಗದ ಲಕ್ಷಣ.

ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ನಡೆಸುತ್ತ ಬಂದಿರುವ ಮದ್ಯವರ್ಜನ ಶಿಬಿರಗಳಿಂದಾಗಿ ಕುಡಿತ ಬಿಡಿಸುವ ಮಾತು ಜಿಲ್ಲೆಯಲ್ಲಿ ಮನೆಮನೆಗೂ ಪರಿಚಿತ. ಈ ರೋಗದ ಮಾತು ಅಷ್ಟು ಪರಿಚಿತವಲ್ಲ. ‘ಕುಡಿದಿದ್ದಾರೆ, ನಿದ್ದೆ ಮಾಡಿದರೆ ಇಳಿಯುತ್ತದೆ’ ಎಂದು ಮಲಗಿಸಿಬಿಡುತ್ತಾರೆ. ಗೊಂದಲವೋ ತೂರಾಟವೋ ಅಮಲು ಇಳಿದ ಮೇಲೂ ಉಳಿದರೆ ಅಂದೇ ಆಸ್ಪತ್ರೆಗೆ ಒಯ್ಯಬೇಕು, ಕುಡಿತದ ಸಂಗತಿಯನ್ನು ಮರ್ಯಾದೆಗೆ ಅಂಜದೆ ವೈದ್ಯರಿಗೆ ತಿಳಿಸಬೇಕು. ಥಯಾಮಿನ್ ಇಲ್ಲದೆ ಬರಿಯ ಗ್ಲೂಕೋಸ್ ಹಾಕಿದರೆ ಇದ್ದಬದ್ದ ದಾಸ್ತಾನೂ ಖರ್ಚಾಗುವ ಭಯವಿರುವುದರಿಂದ ವೈದ್ಯರು ಥಯಾಮಿನ್ ಇಂಜೆಕ್ಷನನ್ನು ಮೊದಲೇ ಅಥವಾ ಜೊತೆಯಲ್ಲಿ ಕೊಡುತ್ತಾರೆ. ಬೇಗ ಕೊಟ್ಟರೆ ಕಣ್ಣಿನ ತೊಂದರೆ ಕೆಲವೊಮ್ಮೆ ಗಂಟೆಗಳಲ್ಲೇ ಸರಿಹೋಗುತ್ತದೆ. ತಡವಾದರೆ ಜೀವ ಉಳಿದರೂ ಕಳೆದ ನೆನಪು ಅನೇಕರಲ್ಲಿ ಪೂರ್ತಿ ಮರಳುವುದಿಲ್ಲ.