ತರಗತಿಗೆ ಬೀಗ, ಮೈದಾನಕ್ಕೆ ಜೈಕಾರ

ಕ್ರೀಡೆಗೆ ಜಾತಿಯಿಲ್ಲ, ಧರ್ಮವಿಲ್ಲ, ಬಣ್ಣವಿಲ್ಲ ಎಂಬ ಮಾತನ್ನು ಪ್ರತಿ ಕ್ರೀಡಾಕೂಟದ ಉದ್ಘಾಟನೆಯಲ್ಲೂ ಕೇಳುತ್ತೇವೆ. ಚಪ್ಪಾಳೆಯನ್ನೂ ತಟ್ಟುತ್ತೇವೆ. ಆದರೆ ಕ್ರೀಡೆ ತಾನಾಗಿಯೇ ಯಾರನ್ನೂ ಒಂದುಗೂಡಿಸುವುದಿಲ್ಲ. ಅಮೆರಿಕದ ಒಂದು ಸರಕಾರಿ ಪ್ರೌಢಶಾಲೆಯ ಚರಿತ್ರೆಯೇ ಇದಕ್ಕೆ ಸಾಕ್ಷಿ.

ಅರ್ಕಾನ್ಸಾ ರಾಜ್ಯದ ಲಿಟ್ಲ್ ರಾಕ್ ಸೆಂಟ್ರಲ್ ಹೈಸ್ಕೂಲ್ ಆರಂಭವಾದದ್ದು 1927ರಲ್ಲಿ. ಕಟ್ಟಡಕ್ಕೆ ತಗಲಿದ ವೆಚ್ಚ 15 ಲಕ್ಷ ಡಾಲರ್. 1936ರಲ್ಲಿ ಅದಕ್ಕೊಂದು ಭವ್ಯ ಕ್ರೀಡಾಂಗಣವೂ ಬಂತು. ಶಾಲೆಯ ಫುಟ್ಬಾಲ್ ತಂಡದ ಹೆಸರು 'ಹುಲಿಗಳು'. ಆದರೆ ಇವೆಲ್ಲ ಬಿಳಿಯರ ಮಕ್ಕಳಿಗೆ ಮಾತ್ರ. ಕಪ್ಪು ಜನಾಂಗದ ಮಕ್ಕಳಿಗೆ 1929ರಲ್ಲಿ ಡನ್‌ಬಾರ್ ಎಂಬ ಬೇರೆ ಶಾಲೆ ಕಟ್ಟಿಸಲಾಯಿತು. ಬಿಳಿಯ ಮಕ್ಕಳು ಓದಿ ಬಿಟ್ಟ ಹಳೆಯ ಪುಸ್ತಕಗಳು ಅಲ್ಲಿಗೆ ಹೋಗುತ್ತಿದ್ದವು.

ಈ ಪ್ರತ್ಯೇಕತೆ ಸಂವಿಧಾನಬಾಹಿರವೆಂದು ಅಲ್ಲಿನ ಸುಪ್ರೀಮ್ ಕೋರ್ಟು 1954ರಲ್ಲಿ ತೀರ್ಪಿತ್ತಿತು. 1957ರ ಸೆಪ್ಟೆಂಬರಿನಲ್ಲಿ ಒಂಬತ್ತು ಮಂದಿ ಕಪ್ಪು ವಿದ್ಯಾರ್ಥಿಗಳು ಸೆಂಟ್ರಲ್‌ಗೆ ಬಂದಾಗ ಗವರ್ನರ್ ಓರ್ವಲ್ ಫಾಬಸ್ ಸಶಸ್ತ್ರ ಪಡೆ ನಿಲ್ಲಿಸಿ ತಡೆದ. ಕೊನೆಗೆ ಅಧ್ಯಕ್ಷ ಐಸೆನ್‌ಹೋವರ್ ಸೈನ್ಯ ಕಳಿಸಬೇಕಾಯಿತು. ಇಷ್ಟು ಕತೆ ಹಲವರಿಗೆ ಗೊತ್ತು.

ಮುಂದಿನದನ್ನು ಹೇಳುವವರು ಕಡಿಮೆ. ಒಳಗೆ ಬಂದ ಆ ಮಕ್ಕಳಿಗೆ ಆಟ, ಸಂಗೀತ, ಸಂಘಗಳಲ್ಲಿ ಭಾಗವಹಿಸುವ ಅವಕಾಶವಿರಲಿಲ್ಲ. ಜೆಫರ್ಸನ್ ಥಾಮಸ್ ಹಿಂದಿನ ಶಾಲೆಯಲ್ಲಿ ಓಟಗಾರನಾಗಿದ್ದ. ಇಲ್ಲಿ ಅವನಿಗೆ ಟ್ರ್ಯಾಕ್ ಇರಲಿಲ್ಲ. ಅರ್ನೆಸ್ಟ್ ಗ್ರೀನ್ ಸ್ಯಾಕ್ಸೊಫೋನ್ ನುಡಿಸುತ್ತಿದ್ದ. ಇಲ್ಲಿ ಅವನಿಗೆ ಬ್ಯಾಂಡ್ ಇರಲಿಲ್ಲ. ಅದೇ ಋತುವಿನಲ್ಲಿ 'ಹುಲಿಗಳು' ಒಂದೂ ಪಂದ್ಯ ಸೋಲದೆ ಮೆರೆದರು!

1958ರಲ್ಲಿ ಫಾಬಸ್ ನಗರದ ಪ್ರೌಢಶಾಲೆಗಳನ್ನೇ ಮುಚ್ಚಿಸಿದ. ಜನಮತದಲ್ಲೂ ಸಹಬಾಳ್ವೆಗೆ ವಿರುದ್ಧವಾಗಿ 19,470 ಮತಗಳು, ಪರವಾಗಿ 7,561 ಮತಗಳು ಬಿದ್ದವು. 3,600ಕ್ಕೂ ಹೆಚ್ಚು ವಿದ್ಯಾರ್ಥಿಗಳು ಬೀದಿಗೆ ಬಿದ್ದರು. ಶಿಕ್ಷಕರು ಖಾಲಿ ಕೋಣೆಗಳಲ್ಲಿ ಕುಳಿತರು. ಫುಟ್ಬಾಲ್? ಅದು ನಡೆಯಿತು! ಪಾಠವಿಲ್ಲದ ಶಾಲೆಯ ಹೆಸರಿನಲ್ಲಿ ತಂಡ ಮೈದಾನಕ್ಕಿಳಿಯಿತು. ಆಡಿದ ಹುಡುಗರನ್ನು ನಾವು ದೂರುವುದಿಲ್ಲ. ಮಗುವಿನ ಪಾಠವಿಲ್ಲದೆ ಬದುಕಬಲ್ಲೆವು, ಶುಕ್ರವಾರದ ಪಂದ್ಯವಿಲ್ಲದೆ ಬದುಕಲಾರೆವು ಎಂದುಕೊಂಡ ಹಿರಿಯರನ್ನು ದೂರುತ್ತೇವೆ.

ಬಿಳಿಯನಿಗೆ ಕರಿಯನ ಮೇಲೆ ಯಾವ ಶ್ರೇಷ್ಠತೆಯೂ ಇಲ್ಲವೆಂದು ಪ್ರವಾದಿಯವರು (ಸ) ತಮ್ಮ ವಿದಾಯ ಪ್ರವಚನದಲ್ಲಿ ಸಾರಿದ್ದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಹೆಮ್ಮೆ ನಮ್ಮನ್ನೂ ಪ್ರಶ್ನಿಸಬೇಡವೇ? ನಮ್ಮ ಸಮುದಾಯ ನಡೆಸುವ ಶಾಲೆಗಳ ಆಟದ ಬಯಲಿನಲ್ಲಿ ಹೆಣ್ಮಕ್ಕಳಿಗೆ ಎಷ್ಟು ಜಾಗ? ಶುಲ್ಕ ಕಟ್ಟಲಾಗದವನ ಮಗನಿಗೆ ಎಷ್ಟು?

ಥಾಮಸ್ ಛಲ ಬಿಡಲಿಲ್ಲ. ಶಾಲೆ ಮತ್ತೆ ತೆರೆದಾಗ ಮರಳಿ ಬಂದು 1960ರಲ್ಲಿ ಅಲ್ಲೇ ಶಿಕ್ಷಣ ಪೂರೈಸಿದ. ಇಂದು ಆ ಶಾಲೆ ರಾಷ್ಟ್ರೀಯ ಸ್ಮಾರಕ. ಅದು ಸ್ಮಾರಕವಾದದ್ದು ಗೆದ್ದ ಕಪ್‌ಗಳಿಂದಲ್ಲ, ತಂಡದ ಹೊರಗಿಟ್ಟ ಒಂಬತ್ತು ಮಕ್ಕಳಿಂದ. ಯಾವುದೇ ಶಾಲೆಯ ಕಪಾಟಿನಲ್ಲಿ ಸಾಲಾಗಿಟ್ಟ ಕಪ್‌ಗಳನ್ನು ನೋಡುವಾಗ, ಗೆದ್ದವರ ಹೆಸರಿನ ಜೊತೆಗೆ ಆಡಲು ಬಿಡದವರ ಹೆಸರನ್ನೂ ನಾವು ಕೇಳಬೇಕಾಗಿದೆ.