ಭಾರವನ್ನು ತುಂಬುವವರ ಹೊಣೆ

ಕನ್ನಡದಲ್ಲಿ ಬೆನ್ನಿಗೆ ಸಲ್ಲುವ ಗೌರವ ಅಲ್ಪವಾದುದಲ್ಲ. ಮೆಚ್ಚಿದವರ ಬೆನ್ನು ತಟ್ಟುತ್ತೇವೆ; ಕಷ್ಟದಲ್ಲಿರುವವರ ಬೆನ್ನಿಗೆ ನಿಲ್ಲುತ್ತೇವೆ; ರೈತನನ್ನು ನಾಡಿನ ಬೆನ್ನೆಲುಬೆಂದು ಸಭೆಗಳಲ್ಲಿ ಕೊಂಡಾಡುತ್ತೇವೆ. ಆದರೆ ಆ ರೈತನು ಬೆಳೆದ ಧಾನ್ಯದ ಮೂಟೆಯನ್ನು ಲಾರಿಯಿಂದಿಳಿಸಿ ಪ್ರಸಾದನಿಲಯದ ಉಗ್ರಾಣಕ್ಕೆ ಹೊತ್ತು ತರುವ ಹಮಾಲನ ಬೆನ್ನನ್ನು ಕುರಿತು ನಾವು ಚಿಂತಿಸುವುದು ವಿರಳ.

ನನಗೂ ಈ ಚಿಂತೆ ತಾನಾಗಿ ಬಂದುದಲ್ಲ. ಕೆಲವು ವರ್ಷಗಳ ಹಿಂದೆ ಪುಸ್ತಕಗಳನ್ನು ಒಂದು ಕೋಣೆಯಿಂದ ಮತ್ತೊಂದಕ್ಕೆ ಸಾಗಿಸುವಾಗ, ನಿಘಂಟುಗಳ ಕಟ್ಟೊಂದನ್ನು ಬಾಗಿ ಎತ್ತಿ, ನಿಂತಲ್ಲಿಯೇ ಸೊಂಟವನ್ನು ತಿರುಗಿಸಿದೆ. ಮೂರು ವಾರ ಹಾಸಿಗೆ ಹಿಡಿಯಬೇಕಾಯಿತು. ಬಾಳೆಲ್ಲ ಶಬ್ದಗಳನ್ನು ಹೊತ್ತವನಿಗೆ ಅವುಗಳ ತೂಕ ತಿಳಿದುದು ಅಂದೇ! ನನಗಾದರೋ ಸಂಬಳ ಸಹಿತ ರಜೆಯಿತ್ತು. ದಿನಗೂಲಿಯವನಿಗೆ ಬೆನ್ನು ಹಿಡಿದರೆ ಅಂದಿನ ಒಲೆಯೇ ಉರಿಯದು.

ಸೊಂಟದ ಭಾಗದಲ್ಲಿರುವ ಐದು ಕಶೇರುಕಗಳ ನಡುವೆ ಮೆತ್ತೆಯಂತಹ ಬಿಲ್ಲೆಗಳಿವೆ. ಭಾರವು ದೇಹದಿಂದ ದೂರ ಸರಿದಷ್ಟೂ, ಬೆನ್ನೆಲುಬಿಗೆ ಅಂಟಿಕೊಂಡಿರುವ ಸ್ನಾಯುಗಳು ಆ ಭಾರದ ಹಲವು ಪಟ್ಟು ಬಲದಿಂದ ಜಗ್ಗಬೇಕಾಗುತ್ತದೆ. ಏತದ ಗಿಡ್ಡ ತುದಿಯನ್ನು ಹಿಡಿದು ಉದ್ದ ತುದಿಯ ನೀರನ್ನೆತ್ತುವ ಕಷ್ಟವೇ ಇದು. ಆ ಒತ್ತಡವೆಲ್ಲವೂ ಬಿಲ್ಲೆಗಳ ಮೇಲೆ ಬೀಳುತ್ತದೆ.

ಆದುದರಿಂದ ಎತ್ತುವ ಮುನ್ನ ಸಾಗುವ ದಾರಿಯನ್ನು ನೋಡಿಕೊಳ್ಳಬೇಕು. ಪಾದಗಳನ್ನು ಅಗಲಿಸಿ, ಮೊಣಕಾಲನ್ನು ಮಡಿಸಿ, ವಸ್ತುವನ್ನು ಮೈಗೆ ಒತ್ತಿಹಿಡಿದು ಕಾಲಿನ ಬಲದಿಂದ ಏಳಬೇಕು. ತಿರುಗಬೇಕಾದಾಗ ಸೊಂಟವನ್ನು ತಿರುಚದೆ ಪಾದಗಳನ್ನೇ ತಿರುಗಿಸಬೇಕು. ಡೆಸ್ಕು, ಕಪಾಟುಗಳನ್ನು ಒಬ್ಬನೇ ಎತ್ತುವುದು ಶೌರ್ಯವಲ್ಲ, ಅವಿವೇಕ.

ಇಷ್ಟನ್ನು ಬೋಧಿಸಿ ಕೈತೊಳೆದುಕೊಳ್ಳುವಂತೆಯೂ ಇಲ್ಲ. ಎತ್ತುವ ಕ್ರಮವನ್ನು ಕಲಿಸಿದ ಮಾತ್ರದಿಂದ ಬೆನ್ನುನೋವು ತಗ್ಗುವುದೆಂಬುದಕ್ಕೆ ಸಂಶೋಧನೆಗಳಲ್ಲಿ ಬಲವಾದ ಆಧಾರ ದೊರೆತಿಲ್ಲ. ದೋಷವು ಎತ್ತುವವನ ಭಂಗಿಗಿಂತ ಹೆಚ್ಚಾಗಿ ಹೊರೆಯಲ್ಲಿಯೇ ಇದೆ. ನಮ್ಮ 1948ರ ಕಾರ್ಖಾನೆಗಳ ಅಧಿನಿಯಮವು ತನ್ನ 34ನೆಯ ಪ್ರಕರಣದಲ್ಲಿ, ಹಾನಿಯುಂಟುಮಾಡಬಹುದಾದಷ್ಟು ಭಾರವನ್ನು ಯಾರಿಂದಲೂ ಎತ್ತಿಸಲಾಗದೆಂದು ವಿಧಿಸಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿ, ವಯಸ್ಕ ಪುರುಷನು ಹೊರುವ ಗರಿಷ್ಠ ಭಾರವು 55 ಕಿಲೋಗ್ರಾಮನ್ನು ಮೀರಿದ್ದರೆ ಬೇಗನೆ ಅದನ್ನು ಆ ಮಿತಿಗೆ ಇಳಿಸಬೇಕೆಂದು ಶಿಫಾರಸು ಮಾಡಿತು. ಅಮೆರಿಕದ ವೃತ್ತಿಸುರಕ್ಷತಾ ಸಂಸ್ಥೆಯು 1991ರಲ್ಲಿ ಪರಿಷ್ಕರಿಸಿದ ಸೂತ್ರವಂತೂ ಅತ್ಯನುಕೂಲ ಸ್ಥಿತಿಯಲ್ಲಿಯೂ 23 ಕಿಲೋಗ್ರಾಮನ್ನೇ ಎತ್ತುವ ಮಿತಿಯೆಂದು ಎಣಿಸುತ್ತದೆ; ಬಾಗುವುದು, ತಿರುಗುವುದು, ಪದೇಪದೇ ಎತ್ತುವುದು ಸೇರಿದರೆ ಆ ಮಿತಿ ಇನ್ನೂ ಕುಗ್ಗುತ್ತದೆ. ನಾವು ನಿತ್ಯ ಕಾಣುವ ಸಿಮೆಂಟಿನ ಚೀಲದ ತೂಕ 50 ಕಿಲೋಗ್ರಾಂ!

ಮೂಟೆಯ ತೂಕವನ್ನು ನಿರ್ಧರಿಸುವವನು ಹೊರುವವನಲ್ಲ, ತುಂಬುವವನು. ಆದುದರಿಂದಲೇ ಈ ಬಿನ್ನಹ ದಾನಿಗಳಲ್ಲಿ. ದಾಸೋಹಕ್ಕೆ ಧಾನ್ಯವನ್ನು ಸಲ್ಲಿಸುವಾಗ ದೊಡ್ಡ ಮೂಟೆಗಳ ಬದಲು 20 ಕಿಲೋಗ್ರಾಮಿನ ಚೀಲಗಳಲ್ಲಿ ಸಲ್ಲಿಸಿರಿ. ಹಳೆಯ ವಿದ್ಯಾರ್ಥಿಗಳು ಉಗ್ರಾಣಕ್ಕೊಂದು ಕೈಗಾಡಿಯನ್ನೂ, ಚೀಲಗಳನ್ನು ಸೊಂಟದ ಎತ್ತರದಲ್ಲಿಡಲು ಕಟ್ಟೆಯೊಂದನ್ನೂ ಒದಗಿಸಲಿ. ಅಧ್ಯಾಪಕ ಬಂಧುಗಳು ಸಮಾರಂಭದ ಮುನ್ನಾದಿನ ಬೆಂಚುಗಳನ್ನು ಎಳೆಯ ಬೆನ್ನುಗಳ ಮೇಲೆ ಹೊರಿಸದಿರಲಿ.

ಗೋಡೆಯ ಮೇಲೆ ಹೆಸರು ಕೆತ್ತಿಸುವಂತಹ ದಾನವಲ್ಲವಿದು, ನಿಜ. ಆದರೆ ಕಾಯಕವನ್ನು ಪೂಜ್ಯವೆಂದು ಸಾರುವ ಅಂಗಳದಲ್ಲಿ ಕಾಯಕ ಮಾಡುವ ಕಾಯವೇ ಮುರಿಯುವುದಾದರೆ, ನಾವು ಆಡುವ ಮಾತಿಗೆ ಅರ್ಥವೆಲ್ಲಿ ಉಳಿಯಿತು?